ಸ್ವಂತ ಮನೆಯ ಬಾಡಿಗೆದಾರ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಗಂಗಾಂಬಿಕಮ್ಮನವರು. ಕಡಲೆಕಾಯಿ ಸುಲಿಯುತ್ತಾ, ನಡುನಡುವೆ ತಾವೇ ನಗುತ್ತಾ ಹೇಳಿದ್ದರು.

ಒಂದು ಊರಿನಲ್ಲಿ ವೀರಭದ್ರಯ್ಯ ಎಂಬ ಗುಮಾಸ್ತರಿದ್ದರು. ಹೆಂಡತಿ ಸರ್ವಮಂಗಳಮ್ಮ. ನಿವೇಶನ ಆಕೆಗೆ ತವರಿನವರು ಕೊಟ್ಟದ್ದು, ಹಾಗಾಗಿ ಮನೆ ಆಕೆಯ ಹೆಸರಿನಲ್ಲಿತ್ತು. ಕಟ್ಟಿಸಿದ್ದು ಮಾತ್ರ ಇಬ್ಬರೂ ಸೇರಿ. ತಾರಸಿ ಹಾಕುವಾಗ ದುಡ್ಡು ಸಾಲದೆ ಆಕೆಯ ಬಳೆಗಳೂ ಹೋದವು.

ಆದಾಯ ತೆರಿಗೆಯ ಲೆಕ್ಕವನ್ನು ವರ್ಷ ವರ್ಷವೂ ಯಾರಿಂದಲೋ ಬರೆಸುತ್ತಿದ್ದ ವೀರಭದ್ರಯ್ಯನವರಿಗೆ, ನಮ್ಮ ಸಂಪಾದನೆಯ ಲೆಕ್ಕ ನಾವೇ ಒಪ್ಪಿಸಿದರಾಯಿತು ಎಂದು ಆ ವರ್ಷ ಅನ್ನಿಸಿತು. ಒಳ್ಳೆಯ ಯೋಚನೆಯೇ. ಆದರೆ ಕಚೇರಿಯ ನಾಗಭೂಷಣ ಒಂದು ಉಪಾಯ ಹೇಳಿಕೊಟ್ಟ.

"ಸಂಬಳದ ಜೊತೆ ನಿಮಗೆ ಮನೆ ಬಾಡಿಗೆ ಭತ್ಯೆ ಬರುತ್ತಲ್ಲ, ಬಾಡಿಗೆ ಕಟ್ಟೋರಿಗೆ ಅದರ ಮೇಲೆ ತೆರಿಗೆ ಕಮ್ಮಿ. ಮನೆ ಅಕ್ಕನ ಹೆಸರಲ್ಲಿದೆ ತಾನೆ? ಅವರಿಗೇ ಬಾಡಿಗೆ ಕೊಡ್ತೀನಿ ಅಂತ ತೋರಿಸಿ. ರಸೀದಿಗೆ ಅಕ್ಕನ ಸಹಿ. ಯಾರು ಬಂದು ನೋಡ್ತಾರೆ ಸ್ವಾಮಿ?"

ಉಳಿಯುವ ದುಡ್ಡಿನಲ್ಲಿ ಬಳೆ ಮಾಡಿಸಬಹುದು ಎಂದು ವೀರಭದ್ರಯ್ಯನವರ ಮನಸ್ಸು ಆಸೆಪಟ್ಟಿತು. ಭಾನುವಾರ ಬೆಳಿಗ್ಗೆ ರಸೀದಿ ಬರೆದು ಅಡುಗೆಮನೆಗೆ ಬಂದರು. ಸರ್ವಮಂಗಳಮ್ಮ ರೊಟ್ಟಿ ತಟ್ಟುತ್ತಿದ್ದರು.

"ಮಂಗಳಾ, ಇಲ್ಲೊಂದು ಸಹಿ ಹಾಕು."

ಆಕೆ ಕೈ ಒರೆಸಿಕೊಂಡು ನಿಧಾನವಾಗಿ ಓದಿದರು.

"ನನಗೆ ಬಾಡಿಗೆ ಕೊಟ್ಟಿದ್ದು ಯಾವಾಗ ರೀ?"

"ಕೊಟ್ಟ ಹಾಗೆ ಅಂದ್ಕೋ."

"ಹಾಗಾದ್ರೆ ನಾನೂ ಸಹಿ ಹಾಕಿದ ಹಾಗೆ ಅಂದ್ಕೊಳ್ಳಿ."

"ತಮಾಷೆ ಬೇಡ ಮಾರಾಯ್ತಿ. ಬರೀ ಕಾಗದಕ್ಕೆ ಅಷ್ಟೆ."

"ಆಗ್ಲಿ. ಬಾಡಿಗೆಯವರು ಅಡುಗೆಮನೆವರೆಗೂ ಬರೋದುಂಟೇ? ಆಚೆ ಕೋಣೇಲಿರಿ. ತಿಂಡಿಗೆ ಹೋಟೆಲಿದೆ."

ವೀರಭದ್ರಯ್ಯ ನಕ್ಕು, ಪೂಜೆಗೆಂದು ದೇವರಮನೆಯತ್ತ ಹೋದರು. ಆಕೆ ಬಾಗಿಲಿಗೆ ಕೈ ಅಡ್ಡ ಇಟ್ಟರು.

"ಇದು ಮನೆಯವರ ದೇವರಮನೆ. ನೀವು ಕೇಳಿ ಬರಬೇಕು."

ಈ ಸಲ ಅವರಿಗೆ ನಗು ಬರಲಿಲ್ಲ. ಅಲ್ಲೇ ಗೋಡೆಗೊರಗಿ ಕೂತರು.

"ನಿನಗೇ ಬಳೆ ಮಾಡಿಸೋಣ ಅಂತಿದ್ದೆ ಕಣೇ."

ಸರ್ವಮಂಗಳಮ್ಮ ಪಕ್ಕದಲ್ಲಿ ಬಂದು ಕೂತರು. "ನನಗೆ ಗೊತ್ತಾಗಲ್ವೇನ್ರೀ? ಆದ್ರೆ ಕೇಳಿ. ಪತ್ರ ನನ್ನ ಹೆಸರಲ್ಲಿದ್ರೂ ಯಾರಾದ್ರೂ ಕೇಳಿದ್ರೆ ನಮ್ಮ ಯಜಮಾನರು ಕಟ್ಟಿಸಿದ ಮನೆ ಅಂತೀನಿ. ನೀವು ಇಲ್ಲಿ ಬಾಡಿಗೆಗಿದ್ದೀರಿ ಅಂತ ನನ್ನ ಕೈಯಿಂದಲೇ ಬರೆಸಿಕೊಂಡ್ರೆ, ನಾಳೆಯಿಂದ ನಾನು ಏನಂತ ಹೇಳಲಿ? ಆ ಬಳೆ ತೊಟ್ಟುಕೊಂಡು ದೇವರಿಗೆ ಹೇಗೆ ಕೈ ಮುಗೀಲಿ?"

ವೀರಭದ್ರಯ್ಯ ಎದ್ದು ಅಡುಗೆಮನೆಗೆ ಹೋದರು. ರಸೀದಿ ಹರಿದು ಒಲೆಗೆ ಹಾಕಿದರು. ತೆರಿಗೆಯ ಲೆಕ್ಕದ ಕಾಗದ ಹಿಡಿದು ಕೂತು, ಬಾಡಿಗೆ ಎಂದಿದ್ದ ಜಾಗದಲ್ಲಿ ಸೊನ್ನೆ ಬರೆದರು. ಕಟ್ಟಬೇಕಾದ ತೆರಿಗೆ ಎಷ್ಟೆಂದು ಕೂಡಿಸಿ ಹೇಳಿದಾಗ ಸರ್ವಮಂಗಳಮ್ಮನ ಮುಖವೂ ಒಂದು ಗಳಿಗೆ ಸಪ್ಪಗಾಯಿತು.

"ಜಾಸ್ತಿನೇ ಆಯ್ತು," ಎಂದರು. "ಇರಲಿ, ಕಟ್ಟಿಬಿಡಿ. ಏಳಿ, ತಣ್ಣಗಾಗೋದ್ರೊಳಗೆ ರೊಟ್ಟಿ ತಿನ್ನಿ."

ಸೋಮವಾರ ನಾಗಭೂಷಣ ಕೇಳಿದ, "ಅಕ್ಕ ಸಹಿ ಹಾಕಿದ್ರಾ?"

"ಇಲ್ಲ ಕಣಯ್ಯ," ಎಂದರು ವೀರಭದ್ರಯ್ಯ. "ನನ್ನನ್ನ ಬಾಡಿಗೆಗೆ ಇಟ್ಕೊಳ್ಳೋಕೆ ಅವಳು ಒಪ್ಪಲಿಲ್ಲ."

ನೀತಿ: ನಮ್ಮ ಲೆಕ್ಕ ನಾವೇ ಬರೆಯುವುದು ಒಳ್ಳೆಯದು. ಬರೆದದ್ದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದುವ ಹಾಗಿರುವುದು ಇನ್ನೂ ಒಳ್ಳೆಯದು. ದುಡ್ಡು ಉಳಿಸಲು ಹೋಗಿ ನಮ್ಮನ್ನು ನಂಬಿದವರನ್ನು ಸುಳ್ಳಿಗೆ ಸಾಕ್ಷಿ ಮಾಡಬಾರದು.

ಮನೆ ಕಟ್ಟಿಸಿ ತೆರಿಗೆಯ ಲೆಕ್ಕಕ್ಕೆ ಕೂತಿರುವ ನೆಂಟರಿಷ್ಟರು ನಿಮಗೂ ಇದ್ದಾರು. ದಯವಿಟ್ಟು ಅವರಿಗೂ ಈ ಕತೆ ಹೇಳಿ. ಗಂಡ ಹೆಂಡತಿ ಇಬ್ಬರೂ ಇರುವಾಗ ಹೇಳಿ.