ಕ್ಯಾಮೆರಾದ ಕಣ್ಣು, ಫಕೀರೇಶನ ಕಣ್ಣು

ಹೇಳಿದ ಮಾತು ಕೇಳದ ಮಕ್ಕಳ ಕತೆಗಳು ಬೇಕಾದಷ್ಟಿವೆ. ಇದು ಹೇಳಿದಷ್ಟನ್ನೂ ಕೇಳಿದ ಮಗನ ಕತೆ. ನೆಟ್ಟಗೆ ಕುಳಿತು ಕೇಳಿ.

ಬ್ಯಾಡಗಿಯಲ್ಲಿ ನಿಂಬೆವ್ವ ಎಂಬ ತಾಯಿ, ಫಕೀರೇಶ ಎಂಬ ಮಗ. ತಾಯಿ ಮೆಣಸಿನಕಾಯಿ ಗೋದಾಮಿನಲ್ಲಿ ಕಾಯಿ ಆರಿಸುವ ಹೆಂಗಸರ ಮೇಲ್ವಿಚಾರಕಿ. ಮಗ ಯಾವ ಕೆಲಸದಲ್ಲಿಯೂ ನಿಲ್ಲದವನು. ಗೋದಾಮಿಗೆ ಹೊಸ ಯಂತ್ರ ಬಂತು. ಬೆಲ್ಟಿನ ಮೇಲೆ ಕಾಯಿ ಓಡುತ್ತದೆ. ಮೇಲಿನ ಕ್ಯಾಮೆರಾ ನೋಡಿ ಪರದೆಯ ಮೇಲೆ ತೋರಿಸುತ್ತದೆ. ಬಣ್ಣ ಹೋದ ಬಿಳಿಗಾಯಿ ಕಂಡರೆ ಗಾಳಿ ಊದಿ ಆಚೆ ತಳ್ಳುತ್ತದೆ.

"ನನ್ನ ಮಗನ್ನ ಇದಕ್ಕ ಹಚ್ಚರಿ, ಸಾವುಕಾರ್ರ. ತಪ್ಪಿದ್ರ ನಾ ಹೊಣಿ," ಎಂದಳು ನಿಂಬೆವ್ವ.

"ಈ ವಾರ ನೋಡ್ತೀನಿ. ಆಗಲಿಲ್ಲಂದ್ರ ಮನಿಗೆ," ಎಂದರು ಗೋದಾಮಿನ ಒಡೆಯರಾದ ಸಾವುಕಾರರು.

ಯಂತ್ರ ಕೂಡಿಸಲು ಬಂದವರಿಂದ ತಿಳಿದುಕೊಂಡು ತಾಯಿ ಮಗನಿಗೆ ಕಲಿಸಿದಳು. "ಪರದೆ ಕತ್ತಲಾದ್ರ ಎಕ್ಸ್‌ಪೋಷರ್ ಏರಿಸು. ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣ ತಗದಿರತೈತಿ."

"ಆತವ್ವಾ."

ಪರದೆ ಕತ್ತಲಾಯಿತು. ಫಕೀರೇಶ ಎಕ್ಸ್‌ಪೋಷರನ್ನು ತುದಿ ಮುಟ್ಟಿಸಿದ. ಕಣ್ಣು ತೆರೆದೇ ಇತ್ತು, ಕಾಯಿ ಓಡುತ್ತಲೇ ಇತ್ತು. ಕೆಂಪು ಬಿಳಿ ಎರಡೂ ಶ್ಯಾವಿಗೆಯಂತೆ ಎಳೆದುಕೊಂಡು ಬೆರೆತವು. ಬಿಳಿಗಾಯಿಯೆಲ್ಲ ಒಳ್ಳೆಯ ಚೀಲಕ್ಕೆ ಬಿತ್ತು.

"ಓಡೂದನ್ನ ಕಣ್ಣ ಬಿಟ್ಕೊಂಡು ಕುಂತು ನೋಡ್ತಾರೇನಲೇ?" ಎಂದು ತಾಯಿ ಬೈದಳು. "ಕಣ್ಣ ತಟ್ಟನ ಮುಚ್ಚಬೇಕು. ಕತ್ತಲಾದ್ರ ಗೇನ್ ಏರಿಸಬೇಕು. ಕಂಡಷ್ಟ ಬೆಳಕನ್ನ ಅದು ದೊಡ್ಡದು ಮಾಡಿ ಹೇಳತೈತಿ."

"ಆತವ್ವಾ. ಇನ್ನ ಹಂಗ ಮಾಡ್ತೀನಿ."

ಮರುದಿನ ಬೆಲ್ಟು ನಿಲ್ಲಿಸಿ, ಒಂದೇ ಕಾಯಿ ಇಟ್ಟು, ಖರೀದಿದಾರರಿಗೆ ಫೋಟೋ ಕಳುಹಿಸಬೇಕಿತ್ತು. ಫಕೀರೇಶ ಹೇಳಿದಂತೆಯೇ ಮಾಡಿದ. ಕಣ್ಣು ತಟ್ಟನೆ ಮುಚ್ಚಿಸಿದ. ಗೇನನ್ನು ತುದಿ ಮುಟ್ಟಿಸಿದ. ಕಾಯಿಯ ಮೈತುಂಬ ರವೆ ಚೆಲ್ಲಿದಂತೆ ಚುಕ್ಕೆ. ಬೂಷ್ಟು ಹಿಡಿದ ಮಾಲು ಬೇಡವೆಂದು ಖರೀದಿದಾರರು ಫೋನಿಟ್ಟರು.

ನಿಂಬೆವ್ವ ಹಣೆ ಚಚ್ಚಿಕೊಂಡಳು. "ನಿಂತ ಕಾಯಿಗೆ ಎದರ ಅವಸರ? ಅದೇನು ಎದ್ದು ಹೊಂಟಿತ್ತೇನು? ಗೇನ್ ಏರಿಸಿದ್ರ ಬೆಳಕಿನ ಸಂಗಾಟ ಕಸಾನೂ ಏರತೈತಿ. ಗೇನ್ ಇಳಿಸು, ದೀಪ ಹತ್ರ ತಾ. ಯಾವುದ ಬರಲಿ, ಮೊದಲ ವಿಚಾರಿಸು, ಓಡಾಕತ್ತೈತೋ ನಿಂತೈತೋ."

"ಆತವ್ವಾ. ಇನ್ನ ಹಂಗ ಮಾಡ್ತೀನಿ."

ಮರುದಿನ ಮಧ್ಯಾಹ್ನ. ತಗಡಿನ ಸಂದಿಯಿಂದ ಬಿಸಿಲು ಬೆಲ್ಟಿನ ಮೇಲೆಯೇ ಬಿದ್ದಿತ್ತು. ಫಕೀರೇಶ ಬಗ್ಗಿ, ಓಡುತ್ತಿದ್ದೀರೋ ನಿಂತಿದ್ದೀರೋ ಎಂದು ಕಾಯಿಗಳನ್ನು ವಿಚಾರಿಸಿದ. ಅವು ಉತ್ತರ ಕೊಡಲಿಲ್ಲ. ಗೇನ್ ಇಳಿಸಿದ. ದೀಪವನ್ನು ಕಾಯಿಗೆ ತಗಲುವಷ್ಟು ಹತ್ತಿರ ತಂದ. ಪರದೆಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಕೆಂಪುಕಾಯಿಯೂ ಬಿಳಿಗಾಯಿ ಎನಿಸಿತು. ಯಂತ್ರ ಒಂದನ್ನೂ ಬಿಡದೆ ಊದಿ ಹೆಂಗಸರ ಮೇಲೆ ಎರಚಿತು. ಖಾರ ಕಡಿಮೆಯೆಂದು ಹೆಸರಾದ ಬ್ಯಾಡಗಿ ಕಾಯಿ ಅಂದು ಗೋದಾಮನ್ನೇ ಸೀನಿಸಿತು.

ಸೀನುತ್ತಲೇ ಸಾವುಕಾರರು ಹೇಳಿದರು. "ನಿಂಬೆವ್ವ, ನಾಳಿ ಒಂದು ದಿನ. ಕಡೀದು."

ಅಂದು ನಿಂಬೆವ್ವ ಬೈಯಲಿಲ್ಲ. ಬೈದು ಸಾಕಾಗಿತ್ತು. ಮಗನನ್ನು ಎದುರಿಗೆ ಕೂರಿಸಿ ಬಿಡಿಸಿ ಹೇಳಿದಳು. "ಬೆಳಕು ಹೆಚ್ಚಾದ್ರ ತಡೀಬೇಕು. ಆಮ್ಯಾಲೆ ಕಾಯಿ ನೋಡು, ಪರದೆ ನೋಡು. ನಿನ್ನ ಕಣ್ಣಿಗೆ ಕಾಣೂದು, ಕ್ಯಾಮೆರಾಕ್ಕ ಕಾಣೂದು, ಎರಡೂ ಒಂದ ಆಗಬೇಕು. ಒಂದ ಆಗೂತನಕ ಬೆಲ್ಟ್ ಬಿಡಬ್ಯಾಡ. ತಿಳೀತೇನಪ್ಪಾ?"

"ತಿಳೀತವ್ವಾ."

ಮರುದಿನವೂ ಬಿಸಿಲು ಬಿತ್ತು. ಫಕೀರೇಶ ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿ ಬೆಳಕು ತಡೆದ. ಕಾಯಿ ನೋಡಿದ, ಕೆಂಪಗಿತ್ತು. ಪರದೆ ನೋಡಿದ, ಕಪ್ಪಗಿತ್ತು. ಎರಡೂ ಒಂದೇ ಆಗಿರಲಿಲ್ಲ. ಬಹಳ ಯೋಚಿಸಿದ. ಹೆಗಲ ಟವೆಲನ್ನು ತನ್ನ ಕಣ್ಣಿಗೆ ಬಿಗಿದು ಕಟ್ಟಿಕೊಂಡ. ಈಗ ಎರಡೂ ಒಂದೇ ಆದವು. ತಡಕಾಡಿ ಬೆಲ್ಟು ಬಿಟ್ಟ.

ಸಾವುಕಾರರು ಬಂದರು, ಹಿಂದೆ ನಿಂಬೆವ್ವ. ಬಿಳಿಗಾಯಿ, ತೊಟ್ಟು, ಮಣ್ಣು ಎಲ್ಲವೂ ಒಳ್ಳೆಯ ಚೀಲಕ್ಕೆ ಸುರಿಯುತ್ತಿತ್ತು. ಸಾವುಕಾರರು ಕೆಮ್ಮಿದರು.

ಫಕೀರೇಶ ದನಿ ಬಂದತ್ತ ಮುಖ ತಿರುಗಿಸಿ ವಿನಯದಿಂದ ಕೇಳಿದ. "ಯಾರ್ರೀ ಅದು? ಮೊದಲ ಹೇಳ್ರಿ, ಓಡಾಕತ್ತೀರೋ ನಿಂತೀರೋ?"

"ನಾ ನಿಂತೀನಪ್ಪಾ," ಎಂದರು ಸಾವುಕಾರರು. "ಇನ್ನ ಓಡಾಂವ ನೀನು."

ಹೇಳಿದ್ದನ್ನು ಹೇಳಿದಂತೆ ಮಾಡುವ ಮಗ. ಟವೆಲನ್ನು ಕೂಡ ಬಿಚ್ಚದೆ ಓಡಿದ.