ಕಲ್ಮೇಶಿ ಲಿನಕ್ಸ್ ತಂದದ್ದು

ಕೇಳ್ರಪ್ಪ, ಕೇಳ್ರವ್ವ. ನಗು ಬಂದರೆ ನಕ್ಕುಬಿಡಿ, ಆದರೆ ಆ ತಾಯಿಯ ಎದುರಿಗೆ ಮಾತ್ರ ನಗಬೇಡಿ! ಧಾರವಾಡದ ಒಂದು ಓಣಿಯಲ್ಲಿ ನೀಲಗಂಗವ್ವ ಅಂತ ಕಸೂತಿ ಹಾಕುವಾಕೆ ಇದ್ದಳು. ಅವಳಿಗೊಬ್ಬನೇ ಮಗ, ಕಲ್ಮೇಶಿ. ವಯಸ್ಸು ಇಪ್ಪತ್ತೆಂಟು, ಬುದ್ಧಿ ಇನ್ನೂ ತೊಟ್ಟಿಲಲ್ಲೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವಳ ಕರ್ಮ.

ಅವಳ ತಾಯಿ ಸೀರೆಗೆ ಹಾಕಿದ್ದ ಗೋಪುರ, ಆನೆ, ನವಿಲು, ತುಳಸಿಕಟ್ಟೆ ಎಲ್ಲವನ್ನೂ ನೀಲಗಂಗವ್ವ ಚೌಕ ಚೌಕವಾಗಿ ಕಂಪ್ಯೂಟರಿನಲ್ಲಿ ಬಿಡಿಸಿಟ್ಟಿದ್ದಳು. ಸೀರೆ ಚಿಂದಿಯಾಗಿ ಹೋಗಿತ್ತು. ಉಳಿದದ್ದು ಕಂಪ್ಯೂಟರಿನೊಳಗಿನದು ಅಷ್ಟೇ. ಆ ಕಂಪ್ಯೂಟರೋ ಮುದಿಯಾಗಿತ್ತು. ಗುಂಡಿ ಒತ್ತಿ, ಚಹಾ ಕುಡಿದು ಬಂದರೂ ಕಣ್ಣು ಬಿಡುತ್ತಿರಲಿಲ್ಲ.

"ಲಿನಕ್ಸ್ ಅಂತ ಸಾಫ್ಟ್‌ವೇರ್ ಅದ, ಹಾಕ್ರಿ. ಹಳೇ ಪೆಟ್ಟಿಗಿಗೂ ಜೀವ ಬರ್ತದ" ಅಂದರು ಹಿಂದಿನ ಓಣಿಯ ಹೊಸಮನಿ ಮಾಸ್ತರು.

"ಹೋಗೋ ಕಲ್ಮ್ಯಾ, ಮಾಸ್ತರ ಕಡೆ ಲಿನಕ್ಸ್ ಇಸಕೊಂಡು ಬಾ" ಅಂತ ಕಳಿಸಿದಳು. ಹೋದ. ಮಾಸ್ತರು ಉಬುಂಟು ಅಂದರು, ಮಿಂಟ್ ಅಂದರು, ಫೆಡೋರಾ ಅಂದರು, ಡೆಬಿಯನ್ ಅಂದರು. ಎಲ್ಲವೂ ಲಿನಕ್ಸಿನ ಬಗೆಗಳೇ. "ಯಾವುದು ಬೇಕೋ?" ಅಂದರು. ಕಲ್ಮೇಶಿ ಇದ್ದ ಹನ್ನೊಂದು ಸಿಡಿಯನ್ನೂ ಹೊತ್ತುಕೊಂಡು ಬಂದ.

"ಅಯ್ಯಯ್ಯೋ! ಇರೋದು ಒಂದು ಕಂಪ್ಯೂಟರು! ಒಂದೊಂದನ್ನೂ ಚೂರು ಚೂರು ನೋಡಿ, ಹಿಡಿಸಿದ್ದು ಇಟ್ಕೊಂಡು, ಉಳಿದದ್ದು ವಾಪಸ್ ಕೊಡಬೇಕೋ!"

"ಹೌದೇನು? ಹಂಗ ಮಾಡ್ತೀನಿ ಯವ್ವಾ."

ಮರುದಿನ ಪೇರಲ ಹಣ್ಣು ತರಲು ಕಳಿಸಿದಳು. ಒಂದು ಗಳಿಗೆ ಕಳೆಯಿತೋ ಇಲ್ಲವೋ, ಹಣ್ಣಿನ ಬಸಮ್ಮ ಬುಟ್ಟಿ ಸಮೇತ, ಕಲ್ಮೇಶಿ ಸಮೇತ ಬಾಗಿಲಿಗೆ ಬಂದಳು. ಬುಟ್ಟಿ ನೋಡಿ ನೀಲಗಂಗವ್ವ ಹೌಹಾರಿದಳು. ಅಷ್ಟೂ ಹಣ್ಣಿಗೆ ಒಂದೊಂದು ಕಚ್ಚು!

"ಚೂರು ಚೂರು ನೋಡಿದ್ನಂತ! ಹಿಡಿಸಿದ್ದು ಇದೊಂದೇ ಅಂತ! ಉಳಿದದ್ದೆಲ್ಲ ವಾಪಸ್ ಅಂತ!" ಬಸಮ್ಮ ಬಾಯಿ ಬಾಯಿ ಬಡಕೊಂಡಳು.

"ಬಾಯಿ ಹಚ್ಚಬಾರದೋ ಮೂಳ! ಹೊರಗಿನಿಂದ ನೋಡಿ ಚಂದ ಕಂಡದ್ದು ಆರಿಸಬೇಕು!"

"ಹೌದೇನು? ಹಂಗ ಮಾಡ್ತೀನಿ ಯವ್ವಾ."

ಮಾಡಿದ. ಹನ್ನೊಂದು ಸಿಡಿಯನ್ನೂ ಹೊರಗಿನಿಂದ ನೋಡಿ, ಫಳಫಳ ನೀಲಿ ಚೀಟಿ ಅಂಟಿಸಿದ್ದನ್ನು ಕಂಪ್ಯೂಟರಿಗೆ ಹಾಕಿದ. ಪರದೆ ಕಪ್ಪಗಾಯಿತು. ಗೋಪುರವಿಲ್ಲ, ಆನೆಯಿಲ್ಲ. ಮೂಲೆಯಲ್ಲಿ ಒಂದು ಬಿಳಿ ಗೀಟು ಮಿಣಕ್ ಮಿಣಕ್.

"ನಮ್ಮವ್ವನ ನವಿಲೋ!" ನೀಲಗಂಗವ್ವ ಚೀರಿದ್ದು ಹಿಂದಿನ ಓಣಿಗೂ ಕೇಳಿತು.

ಮಾಸ್ತರು ಓಡಿ ಬಂದರು. "ಏನೂ ಹೋಗಿಲ್ಲ ನೀಲಗಂಗವ್ವಾರ! ಸಿಡಿ ಇನ್ನೂ ಬರೇ ತೋರಿಸಾಕತ್ತದ, ಒಳಗ ಕೂತಿಲ್ಲ. ಇದು ಪಳಗಿದವರ ಲಿನಕ್ಸ್, ಹೊಸಬರಿಗೆ ಮಿಂಟ್ ಸಾಕು. ನಾಡಿದ್ದು ನಾನೇ ಹಾಕ್ತೀನಿ. ಹಾಕೋಕಿಂತ ಮೊದಲ ಒಳಗಿದ್ದದ್ದನ್ನೆಲ್ಲ ಬ್ಯಾರೇ ಕಡೆ ಇಡಬೇಕು ನೋಡು ಕಲ್ಮೇಶಿ!"

ಮರುದಿನ ನೀಲಗಂಗವ್ವ ಸಂತೆಯಿಂದ ಬಂದು ಬಾಗಿಲು ತೆರೆದಳು. ಮನೆ ಬಟಾಬಯಲು! ಒಲೆಯಿಲ್ಲ, ಕೊಡವಿಲ್ಲ, ಹಾಸಿಗೆಯಿಲ್ಲ, ಗೋಡೆಯ ಮೇಲಿನ ದೇವರ ಪಟವೂ ಇಲ್ಲ. ನಡುಮನೆಯಲ್ಲಿ ಕಂಪ್ಯೂಟರು ಒಂದೇ ಕೂತಿತ್ತು. ಕಳ್ಳರು ಬಂದರು ಅಂತ ಅವಳು ಚೀರುವಷ್ಟರಲ್ಲಿ ಪಕ್ಕದ ಮನೆಯ ಪಾರವ್ವ ಸೆರಗು ಸಿಕ್ಕಿಸಿಕೊಂಡು, ಕಲ್ಮೇಶಿಯನ್ನು ಎಳಕೊಂಡು ಬಂದಳು.

"ಎಲ್ಲಾ ನಮ್ಮ ಮನ್ಯಾಗ ತುರುಕ್ಯಾನ! ನಾವೆಲ್ಲಿ ಇರೋಣ? ಇಡೋದಿದ್ರ ಮನಿಗೊಂದರಂಗ ಹಂಚಬೇಕಿಲ್ಲೇನೋ?"

"ಮನಿ ಒಳಗಿಂದಲ್ಲೋ ನನ್ನಪ್ಪಾ! ಕಂಪ್ಯೂಟರ್ ಪೆಟ್ಟಿಗಿ ಒಳಗಿಂದು!" ಅಂತ ಅವ್ವ ಹಣೆ ಚಚ್ಚಿಕೊಂಡಳು.

"ಹೌದೇನು? ಮನಿಗೊಂದರಂಗ, ಪೆಟ್ಟಿಗಿ ಒಳಗಿಂದು. ಹಂಗ ಮಾಡ್ತೀನಿ ಯವ್ವಾ."

ಅವಳು ಪಾರವ್ವನ ಮನೆಯಿಂದ ಸಾಮಾನು ಹೊತ್ತು ತಂದು ಮುಗಿಸುವಷ್ಟರಲ್ಲಿ ಕಲ್ಮೇಶಿಯ ಕೆಲಸವೂ ಮುಗಿದಿತ್ತು. ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಒಳಗೆ ಒಂದು ವಯರೂ ಇಲ್ಲ! ತಳದಲ್ಲಿ ಮಿಂಟಿನ ಸಿಡಿ ತಣ್ಣಗೆ ಮಲಗಿತ್ತು.

"ಮಾಸ್ತರಿಗೆ ಯಾಕ ತ್ರಾಸು ಯವ್ವಾ? ನಾನೇ ಒಳಗ ಹಾಕೀನಿ!"

 ನೀಲಗಂಗವ್ವ ಉಡಿ ಒಡ್ಡಿಕೊಂಡು ಮನೆ ಮನೆ ಅಲೆದಳು. ಒಂದು ಮನೆಯಲ್ಲಿ ಪುಟ್ಟ ಫ್ಯಾನು, ಇನ್ನೊಂದು ಮನೆಯಲ್ಲಿ ವಯರಿನ ಗಂಟು, ಮತ್ತೊಂದರಲ್ಲಿ ಹಸಿರು ಹಲಗೆ. ಎಲ್ಲವೂ ಉಡಿಗೆ ಬಿತ್ತು, ಆದರೆ ನಮೂನೆಗಳಿದ್ದ ಹಾರ್ಡ್‌ಡಿಸ್ಕ್ ಮಾತ್ರ ಸಿಗಲಿಲ್ಲ. ಕೊನೆಯ ಮನೆಯ ದೇವರ ಜಗಲಿ ನೋಡುತ್ತಾಳೆ, ಅರಿಶಿಣ ಕುಂಕುಮ ಹಚ್ಚಿಸಿಕೊಂಡು ಅಲ್ಲಿ ಕೂತಿದೆ!

"ನೀವು ಕಳಿಸೀರಿ ಅಂದ. ಪೂಜೆದ್ದು ಅನಕೊಂಡ್ವಿ" ಅಂದರು ಆ ಮನೆಯವರು.

ಅದನ್ನು ಎದೆಗವಚಿಕೊಂಡು ನೀಲಗಂಗವ್ವ ಅತ್ತೇಬಿಟ್ಟಳು. ಮನೆಗೆ ಬಂದು, ಒರೆಸಿ, ಮಗನ ಕೈಗಿಟ್ಟಳು. "ನೋಡೋ, ಇದು ನಮ್ಮವ್ವನ ಜೀವ. ಯಾರ ಕೈಗೂ ಸಿಗದಂಗ ಇಡು. ಯಾರು ಕೇಳಿದ್ರೂ ಎಲ್ಲೈತಿ ಅಂತ ಹೇಳಬ್ಯಾಡ. ದೇವರು ಬಂದು ಕೇಳಿದ್ರೂ ಹೇಳಬ್ಯಾಡ!"

"ಹೌದೇನು? ಹಂಗ ಮಾಡ್ತೀನಿ ಯವ್ವಾ."

ಮರುದಿನ ಮಾಸ್ತರು ಬಂದು ಎಲ್ಲವನ್ನೂ ಮೊದಲಿನಂತೆ ಜೋಡಿಸಿದರು. "ಡಿಸ್ಕ್ ಒಂದು ಕೊಡ್ರಿ, ನಮೂನೆಗಳನ್ನ ಬ್ಯಾರೇ ಕಡೆ ಇಟ್ಟು ಮಿಂಟ್ ಹಾಕೇಬಿಡ್ತೀನಿ."

"ತಾರೋ ಕಲ್ಮ್ಯಾ."

ಕಲ್ಮೇಶಿ ಬಾಯಿ ಬಿಗಿಹಿಡಿದು ನಿಂತ.

"ಎಲ್ಲಿಟ್ಟೀಯೋ?"

ಉಹೂಂ.

"ಏ, ನಾನೋ! ನಿಮ್ಮವ್ವ! ಇಡು ಅಂದಾಕಿ ನಾನಲ್ಲೇನೋ!"

"ಅದಕ್ಕ ಹೇಳಂಗಿಲ್ಲ ಯವ್ವಾ" ಅಂದ ಕಲ್ಮೇಶಿ, ಕಣ್ತುಂಬ ನಗುತ್ತ. "ಇದೊಂದು ಸಲ ನೀ ಹೇಳಿದ್ದು ತಪ್ಪಂಗಿಲ್ಲ."