ದುಂಡಪ್ಪ ಪೈಲ್ವಾನನ ಎಡಗೈ

ಪರಮಪೂಜ್ಯ ಶ್ರೀ ಶಾಂತಮಲ್ಲ ಶಿವಯೋಗಿಗಳ ಮಠವೆಂದರೆ ತಗಡಿನ ಮಾಡು, ಸಗಣಿ ಸಾರಿಸಿದ ನೆಲ, ಅಷ್ಟೇ. ಅಮೃತಶಿಲೆಯ ಮಠಗಳು ನಾಡಿನಲ್ಲಿ ಬೇಕಾದಷ್ಟಿರಬಹುದು. ಇಂಥ ಗುರುಗಳು ಬೇರೆ ಸೀಮೆಯಲ್ಲಿದ್ದರೆ ತೋರಿಸಲಿ! ಅಂದು ಪೂಜ್ಯರು ಕಟ್ಟೆಯ ಮೇಲೆ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು.

ದುಂಡಪ್ಪ ಪೈಲ್ವಾನ ಬಂದವನು ನಮಸ್ಕಾರವನ್ನೂ ಮಾಡಲಿಲ್ಲ. ಅವನ ಎಡಗೈ ಮೇಲೆ ಬಿಳಚಿದ ಮಚ್ಚೆಯೊಂದು ಎದ್ದಿತ್ತು. ಕುಷ್ಠವಿರಬಹುದೆಂದು ಸುದ್ದಿ ಹಬ್ಬಿದ್ದೇ ತಡ, ಗರಡಿಯಲ್ಲಿ ಯಾರೂ ಅವನೊಡನೆ ಕುಸ್ತಿಗಿಳಿಯುತ್ತಿರಲಿಲ್ಲ. ಕುಸ್ತಿ ಬಿಟ್ಟರೆ ಅವನಿಗೆ ಬೇರೆ ಬದುಕಿರಲಿಲ್ಲ.

"ಅಜ್ಜಾರ, ಕಿವಿ ಹಾಲಿ, ಮಚ್ಚಿ ಎರಡೂ ಗೀರಿ ಲ್ಯಾಬಿನ್ಯಾಗ ನೋಡ್ಯಾರ. ಕ್ರಿಮಿ ಇಲ್ಲಂತ ರಿಪೋರ್ಟ್ ಬಂದೈತಿ. ನೀವು ದೇವರು ಹೌದೋ ಅಲ್ಲೋ ನನಗ ಗೊತ್ತಿಲ್ಲ, ಆದ್ರ ಊರು ನಿಮ್ಮ ಮಾತು ಕೇಳತೈತಿ. ಇವಂಗೇನಿಲ್ಲ ಅಂತ ಹೇಳಿಬಿಡ್ರಿ."

"ಏ ದುಂಡ್ಯಾ, ಅಜ್ಜಾರ ಮುಂದ ನಾಲಿಗಿ ಬಿಗಿ ಹಿಡಿ!" ಎಂದಳು ಕಸ ಗುಡಿಸುತ್ತಿದ್ದ ಗಂಗವ್ವ.

"ಸುಮ್ನಿರಬೇ. ರೋಗ ಅಂತ ರೋಗ! ಈ ಮಚ್ಚಿ ಮ್ಯಾಲ ಮುಳ್ಳು ಮುರದ್ರೂ ನಾ ಹಾಂ ಅನ್ನಂಗಿಲ್ಲ. ಗರಡಿ ಮಣ್ಣಾಗ ಪಳಗಿದ ತೊಗಲಿದು!"

ಪೂಜ್ಯರ ಕೈ ನಿಂತಿತು. "ಕಣ್ಣು ಮುಚ್ಚು. ಮುಟ್ಟಿದಾಗ ಹೇಳು" ಎಂದರು. ಹತ್ತಿಯ ಎಳೆ ಬಲಗೈಗೆ ತಾಕುತ್ತಲೇ ಅವನು "ಹಾಂ" ಎಂದ. ತುಸು ಕಾದು, "ಎಡಗೈ ಯಾವಾಗ ಮುಟ್ಟತೀರಿ, ಅಜ್ಜಾರ?" ಎಂದು ನಕ್ಕ. ಗಂಗವ್ವ ನಗಲಿಲ್ಲ. ಕಣ್ಣು ತೆರೆದರೆ ಎಳೆ ಮಚ್ಚೆಯ ಮೇಲೇ ಆಡುತ್ತಿತ್ತು.

ದುಂಡಪ್ಪ ಮಚ್ಚೆಯನ್ನು ತಾನೇ ಉಜ್ಜಿ ನೋಡಿದ. "ಹಂಗಾರ ಲ್ಯಾಬಿನವರು ಸುಳ್ಳು ಬರದ್ರಾ?"

"ಸುಳ್ಳಲ್ಲಪ್ಪ. ಗೀರಿದ ಕಡೆ ಕ್ರಿಮಿ ಕಾಣಲಿಲ್ಲ ಅಂದಾರ. ಕ್ರಿಮಿ ಕಡಿಮಿ ಇದ್ರ ಹಂಗ ಆಗತೈತಿ. ರೋಗ ಇಲ್ಲಂತ ಅವರು ಅಂದಿಲ್ಲ, ನೀ ಅಂದಿ."

ಪೂಜ್ಯರು ತಮ್ಮ ಮುರುಟಿದ ಬೆರಳುಗಳನ್ನು ಆ ಮಚ್ಚೆಯ ಮೇಲಿಟ್ಟರು. "ನನ್ನ ರಿಪೋರ್ಟೂ ಹಿಂಗ ಬಂದಿತ್ತು. ನಂಬಿ ಕುಂತೆ. ನೀ ಕುಂದರಬ್ಯಾಡ. ಗುಳಿಗಿ ತಿಂದ್ರ ಕೈ ಉಳೀತೈತಿ."

ಊರೆಲ್ಲ ಅಂಜಿ ದೂರವಿಟ್ಟ ಕೈ ಅದು. ಗುರುಸ್ಪರ್ಶ ಆ ತೊಗಲಿಗೆ ತಿಳಿಯಲಿಲ್ಲ. ದುಂಡಪ್ಪನ ಕಣ್ಣುಗಳು ಮಾತ್ರ ತುಂಬಿ ಬಂದವು. ಅವನು ಪಾದಕ್ಕೆ ಹಣೆ ಹಚ್ಚಿ ಎದ್ದವನೇ ನೇರ ಸರಕಾರಿ ಆಸ್ಪತ್ರೆಗೆ ಹೋದ. ಡಾಕ್ಟರು ನರ ಒತ್ತಿ ನೋಡಿ ಅಂದೇ ಔಷಧಿ ಕೊಟ್ಟರು.

ಸಂಜೆ ಗರಡಿಯಲ್ಲಿ ಎಲ್ಲರೂ ಸೇರಿದ್ದಾಗ ಬಾಗಿಲಲ್ಲೇ ನಿಂತು, ಗುರುಗಳಿಂದ ಹೇಳಿಸಬೇಕೆಂದು ಹೋಗಿದ್ದವನು ತಾನೇ ಹೇಳಿದ:

"ನನಗ ರೋಗ ಐತ್ರೋ. ಗುಳಿಗಿ ಸುರು ಮಾಡೀನಿ. ಸ್ಪರ್ಶ ಇಲ್ಲದ ಮಚ್ಚಿ ಯಾರಿಗರ ಇದ್ರ ಮುಚ್ಚಿಡಬ್ಯಾಡ್ರಿ, ಆಸ್ಪತ್ರಿಗೆ ನಾ ಜೋಡಿ ಬರತೀನಿ."